ಗುಂಗಿನ ರಾಯರು

ಎಲ್ಲೋ ಕೇಳಿದ ಹಾಡಿನ ತುಣುಕೊಂದು ಕರೆಯದೆಯೇ ಬಂದು ತಲೆಯೊಳಗೆ ಮತ್ತೆ ಮತ್ತೆ ಸುತ್ತುವುದಕ್ಕೆ ಜರ್ಮನ್ ಭಾಷೆಯಲ್ಲಿ ‘ಓರ್‌ವುರ್ಮ್’, ಅಂದರೆ ಕಿವಿಹುಳ, ಎಂಬ ಹೆಸರಿದೆ. ಕನ್ನಡಕ್ಕೆ ಆ ಪದವನ್ನು ಕಡ ತರುವ ಅಗತ್ಯವಿಲ್ಲ, ಏಕೆಂದರೆ ‘ಗುಂಗು’ ಎಂಬ ಮಾತು ನಾದವನ್ನೂ ಅದರ ಅಮಲನ್ನೂ ಒಟ್ಟಿಗೆ ಹೇಳುತ್ತದೆ, ಹುಳುವೇ ಬೇಕೆನ್ನುವವರಿಗೆ ಗುಂಗಿಹುಳವೂ ಇದೆ. ಗುಂಗು ಹಿಡಿದವರು ಎಲ್ಲ ಊರುಗಳಲ್ಲಿಯೂ ಇರುವರಾದರೂ ಹೈದರಾಬಾದಿನ ಕಾಚಿಗುಡ, ಬರ್ಕತ್‌ಪುರದ ಕನ್ನಡಿಗರಲ್ಲಿ ಕಾಣುವ ತಳಿ ವಿಶೇಷ ಅಧ್ಯಯನಕ್ಕೆ ಅರ್ಹವಾದುದು. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಕಾರಣ ಓದಿಗೆಂದೋ ನೌಕರಿಗೆಂದೋ ಬಂದು ಅಲ್ಲಿಯೇ ಬೇರುಬಿಟ್ಟ ಮನೆತನಗಳ ಈ ಕುಡಿಯನ್ನು ಗುಂಗಿನ ರಾಯರು ಎಂದು ಕರೆಯಬಹುದು.

ರಾಯರ ತಲೆ ಮೂರು ದಾರಿ ಕೂಡುವ ಜಾಗ. ಮನೆಯಲ್ಲಿ ತಾಯಿ ಹಾಡುತ್ತಿದ್ದ ದಾಸರ ಪದ, ಗೋಡೆಯಾಚೆಯ ಮನೆಯಿಂದ ತೆಲುಗು ಸಿನಿಮಾ ಹಾಡು, ಇರಾನಿ ಹೋಟೆಲಿನ ರೇಡಿಯೊದಿಂದ ಹಿಂದಿಯ ಬಿನಾಕಾ ಗೀತಮಾಲಾ, ಇವು ಬಾಲ್ಯದಲ್ಲಿಯೇ ಬೆರೆತುಹೋದುದರಿಂದ ಅವರ ಬಾಯಲ್ಲಿ ಪಲ್ಲವಿ, ಎಂದರೆ ಹಾಡಿನಲ್ಲಿ ಮರಳಿ ಮರಳಿ ಬರುವ ಮೊದಲ ಸಾಲು, ಒಂದು ಭಾಷೆಯದಾದರೆ ಚರಣ ಇನ್ನೊಂದು ಭಾಷೆಯದು, ನಡುವಿನ ‘ತಾನನ’ ಮಾತ್ರ ಸ್ವಂತದ್ದು. ಚಹಾದಲ್ಲಿ ಅದ್ದಿದ ಉಸ್ಮಾನಿಯಾ ಬಿಸ್ಕತ್ತನ್ನು ಅರ್ಧದಲ್ಲಿ ಹಿಡಿದು, ಕಣ್ಣು ಮುಚ್ಚಿ, ಮುಂದಿನ ಪದಕ್ಕಾಗಿ ಅವರು ಕಾಯುತ್ತಿರುವಾಗ ಬಿಸ್ಕತ್ತು ಕಳಚಿ ಕಪ್ಪಿನ ತಳ ಸೇರುತ್ತದೆ, ಪದ ಬರುವುದಿಲ್ಲ. ‘ಮುಂದಿಂದು ಬರಂಗಿಲ್ಲಂದ್ರ ಅಷ್ಟಕ್ಕ ಬಿಡ್ರೀ’ ಎಂಬುದು ಮನೆಯವರ ನಿತ್ಯದ ಪ್ರಾರ್ಥನೆ.

ಎದುರು ಕುಳಿತ ತೆಲುಗು ಗೆಳೆಯರು ‘ರಾವುಗಾರೂ, ಅದು ನಮ್ಮ ಹಾಡು’ ಎಂದರೆ ರಾಯರು ಕೆರಳುತ್ತಾರೆ. ಈ ಜಗಳ ತೀರದಿರುವುದಕ್ಕೆ ಇತಿಹಾಸವೇ ಕಾರಣ. 1965ರಲ್ಲಿ ‘ಸತ್ಯ ಹರಿಶ್ಚಂದ್ರ’ ರಾಜ್‌ಕುಮಾರರಿಂದ ಕನ್ನಡದಲ್ಲಿಯೂ ಎನ್.ಟಿ. ರಾಮರಾಯರಿಂದ ತೆಲುಗಿನಲ್ಲಿಯೂ ತೆರೆಗೆ ಬಂದಿತು. ಕನ್ನಡ ಚಿತ್ರದ ‘ಕುಲದಲ್ಲಿ ಕೀಳ್ಯಾವುದೋ’ ಹಾಡಿದವರು ತೆಲುಗರ ಘಂಟಸಾಲ. ರಾಜ್‌ಕುಮಾರರ ಕಂಠವೆಂದೇ ಕನ್ನಡಿಗರು ನಂಬಿದ್ದ ಪಿ.ಬಿ. ಶ್ರೀನಿವಾಸರು ಕಾಕಿನಾಡದವರು, ಎಸ್. ಜಾನಕಿ ಗುಂಟೂರು ಸೀಮೆಯವರು. ಹೀಗಿರುವಲ್ಲಿ ಹಾಡು ಯಾರದೆಂಬ ಮೊಕದ್ದಮೆ ನಿಜಾಮನ ಕೋರ್ಟಿನಲ್ಲಿಯೂ ಇತ್ಯರ್ಥವಾಗುತ್ತಿರಲಿಲ್ಲ.

ಅರ್ಧ ನೆನಪಾದ ಹಾಡೇ ಹೆಚ್ಚು ಕಾಡುವುದೇಕೆಂಬುದಕ್ಕೆ ಮನೋವಿಜ್ಞಾನಿಗಳು ಬ್ಲೂಮಾ ಝೈಗಾರ್ನಿಕ್ ಎಂಬಾಕೆ 1927ರಲ್ಲಿ ಪ್ರಕಟಿಸಿದ ಅಧ್ಯಯನದತ್ತ ಬೊಟ್ಟು ಮಾಡುವುದುಂಟು. ಮುಗಿಸಿದ ಕೆಲಸಕ್ಕಿಂತ ನಡುವೆ ನಿಂತ ಕೆಲಸ ಮನಸ್ಸಿನಲ್ಲಿ ಹೆಚ್ಚು ಉಳಿಯುತ್ತದೆ ಎಂಬುದು ಆಕೆಯ ವಾದ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದವರಂತೂ ಚ್ಯೂಯಿಂಗ್ ಗಮ್ ಅಗಿದರೆ ಗುಂಗು ತಗ್ಗುತ್ತದೆಂದು 2015ರಲ್ಲಿ ವರದಿ ಮಾಡಿದರು, ಆದರೆ ಅವರು ರಾಯರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ: ರಾಯರು ಎಲೆಯಡಿಕೆಯನ್ನೂ ಆದಿತಾಳದಲ್ಲಿಯೇ ಅಗಿಯುತ್ತಾರೆ.

ಇಡೀ ಹಾಡನ್ನು ಒಮ್ಮೆ ಕೇಳಿಬಿಡುವುದು ಸುಲಭದ ಮದ್ದೆಂದು ತಿಳಿದವರು ಹೇಳುವುದರಿಂದ ಮೊಮ್ಮಗ ಮೊಬೈಲು ಮುಂದೆ ಹಿಡಿದು ‘ಗುನುಗ್ರಿ ತಾತಾ’ ಎನ್ನುತ್ತಾನೆ. ಮೊಬೈಲು ಮೊದಲು ಯಾವುದೋ ಭೋಜಪುರಿ ಹಾಡನ್ನು, ಆಮೇಲೆ ಮಗುವಿನ ಲಾಲಿಯನ್ನು, ಕೊನೆಗೆ ನಿಜವಾದುದನ್ನೇ ತೋರಿಸುತ್ತದೆ. ನಲವತ್ತು ವರ್ಷಗಳ ಬಳಿಕ ಸಿಕ್ಕ ಹಾಡನ್ನು ರಾಯರು ತಲೆಬಾಗಿ ಕೊನೆಯವರೆಗೂ ಕೇಳಿ, ಗಾಯಕರು ಚರಣವನ್ನು ತಪ್ಪು ಹಾಡಿದ್ದಾರೆಂದು ತೀರ್ಪು ಕೊಡುತ್ತಾರೆ. ಎರಡು ದಿನ ಮನೆ ಶಾಂತವಾಗಿರುತ್ತದೆ. ರಾಯರಿಗೆ ಮಾತ್ರ ಊಟ ಸೇರುವುದಿಲ್ಲ, ಪೇಪರು ಹಿಡಿಸುವುದಿಲ್ಲ; ಹುಡುಕಿದ್ದು ಸಿಕ್ಕಿತೆಂಬ ದುಃಖ ಅವರದು. ಮೂರನೆಯ ದಿನ ಬೀದಿಯಲ್ಲಿ ಸಾಗಿದ ಮದುವೆ ಮೆರವಣಿಗೆಯ ಮರ್ಫಾ ವಾದ್ಯದ ನಡುವಿನಿಂದ ಇನ್ನೊಂದು ಅರ್ಧ ಸಾಲು ಕಿವಿಗೆ ಬಿದ್ದೊಡನೆ ಮುಖ ಅರಳುತ್ತದೆ.

ಕಾಚಿಗುಡದ ಕಡೆ ಹೋದ ಓದುಗರಿಗೆ ಇಂಥ ರಾಯರು ಸಿಕ್ಕರೆ ನಮಸ್ಕಾರ ಹೇಳಲಿ, ಚಹಾ ಕುಡಿಸಲಿ. ಅದು ಯಾವ ಹಾಡು ಎಂದು ಮಾತ್ರ ಕೇಳದಿರಲಿ. ಗುಂಗು ಅಂಟುರೋಗ.