ಮುಕ್ಕಾಲು ಸುತ್ತಿನ ರಾಯರು

ಹನುಮಂತನಗರದ ನಮ್ಮ ಬೀದಿಯಲ್ಲಿ ಭಾನುವಾರ ಬೆಳಿಗ್ಗೆ ಕಾರಿನಡಿಯಿಂದ ಎರಡು ಕಾಲು ಚಾಚಿಕೊಂಡಿದ್ದರೆ ಯಾರೂ ಗಾಬರಿಯಾಗುವುದಿಲ್ಲ. ರಾಯರು ಆಯಿಲ್ ಫಿಲ್ಟರ್ ಬದಲಿಸುತ್ತಿದ್ದಾರೆ, ಅಷ್ಟೆ.

ಕಾರು ಮಾರುತಿ 800, 796 ಸಿ.ಸಿ., ಮೂರು ಸಿಲಿಂಡರ್. 2014ರಲ್ಲಿ ಕಂಪನಿ ಅದರ ತಯಾರಿಕೆ ನಿಲ್ಲಿಸಿದ್ದು ದುಡುಕಿನ ತೀರ್ಮಾನವೆಂದು ರಾಯರ ಅಭಿಪ್ರಾಯ. ಅದು ಓಡುವುದು ಗಾಂಧಿಬಜಾರಿಗೆ, ತಪ್ಪಿದರೆ ಗವಿಗಂಗಾಧರೇಶ್ವರನ ಗುಡಿಗೆ. ಆದರೂ ಆರು ತಿಂಗಳಿಗೊಮ್ಮೆ ಆಯಿಲ್ ಬದಲಾಗಲೇಬೇಕು, ಜೊತೆಗೆ ಫಿಲ್ಟರೂ. "ಸ್ನಾನ ಮಾಡಿ ಯಾರಾದ್ರೂ ಹಳೇ ಬನೀನು ಹಾಕ್ಕೊಳ್ತಾರೇನ್ರೀ?"

ಮೆಕ್ಯಾನಿಕ್ ಕೈಗೆ ಮಾತ್ರ ಕೊಡುವ ಹಾಗಿಲ್ಲ. ಅವನು ಜಿದ್ದಿಗೆ ಬಿದ್ದು ಬಿಗಿ ಮಾಡುತ್ತಾನಂತೆ. ರಾಯರಾದರೋ ಜೆ.ಸಿ. ರಸ್ತೆಯಿಂದ ತಂದ ಫಿಲ್ಟರಿನ ರಬ್ಬರ್ ಬಳೆಗೆ ತೋರುಬೆರಳಲ್ಲಿ ಹೊಸ ಆಯಿಲ್ ಸವರುತ್ತಾರೆ, ಹಸುಗೂಸಿನ ನೆತ್ತಿಗೆ ಹರಳೆಣ್ಣೆ ಇಡುವ ಹಾಗೆ. ಆಮೇಲೆ ಬರಿಗೈಯಲ್ಲಿ ತಿರುಗಿಸಿ, ರಬ್ಬರ್ ತಾಗಿದ ಮೇಲೆ ಮುಕ್ಕಾಲು ಸುತ್ತು. ಕೂದಲೆಳೆ ಹೆಚ್ಚಿಲ್ಲ.

ಕಷ್ಟವಿರುವುದು ಹಳೆಯದನ್ನು ಬಿಚ್ಚುವುದರಲ್ಲಿ. ಹಿಂದಿನ ಸಲ ಉಪ್ಪುಕಾಗದ ಸುತ್ತಿ ತಿರುವಿದರು, ಜಗ್ಗಲಿಲ್ಲ. ಸೊಂಟದ ಬೆಲ್ಟು ಬಿಚ್ಚಿ ಬಿಗಿದು ಎಳೆದರು; ಜಾರಿದ್ದು ಪ್ಯಾಂಟು. ಕೊನೆಗೆ ಸ್ಕ್ರೂಡ್ರೈವರನ್ನು ಅದರ ಹೊಟ್ಟೆಗೇ ಚುಚ್ಚಿ ತಿರುಗಿಸಿದಾಗ ಕಪ್ಪು ಆಯಿಲ್ ಮೊಣಕೈವರೆಗೂ ಇಳಿಯಿತು. ಆ ಗಡಿಬಿಡಿಯಲ್ಲಿ ಹಳೇ ರಬ್ಬರ್ ಬಳೆ ಇಂಜಿನ್ನಿಗೇ ಅಂಟಿಕೊಂಡದ್ದು ಕಾಣಲಿಲ್ಲ. ಅದರ ಮೇಲೇ ಹೊಸದು ಕೂತಿತು, ಮುಕ್ಕಾಲು ಸುತ್ತು ಸಮೇತ. ಸ್ಟಾರ್ಟ್ ಮಾಡಿದ್ದೇ ತಡ, ಹೊಸ ಆಯಿಲ್ ಬುಳಬುಳನೆ ಅಮ್ಮನವರ ರಂಗೋಲಿಯ ಮೇಲೆ.

"ಏನ್ರೀ ಇದು?"

"ಪ್ರೆಶರ್ ಚೆನ್ನಾಗಿದೆ ಕಣೇ."

ಬಿಚ್ಚಿದ ಫಿಲ್ಟರ್ ತಿಪ್ಪೆಗೆ ಹೋಗುವುದಿಲ್ಲ. ಹ್ಯಾಕ್ಸಾ ಬ್ಲೇಡಿನಿಂದ ಸೀಳಿ, ಒಳಗಿನ ಮಡಿಕೆ ಕಾಗದವನ್ನು ಬಿಸಿಲಿಗೆ ಹಿಡಿದು, ಜಾತಕ ನೋಡುವ ಜೋಯಿಸರಂತೆ ಕಣ್ಣು ಕಿರಿದು ಮಾಡುತ್ತಾರೆ. ಲೋಹದ ಚೂರು ಮಿನುಗಿದರೆ ಬೇರಿಂಗ್ ಸವೆಯುತ್ತಿದೆ ಎಂದರ್ಥ. ಈವರೆಗೆ ಏನೂ ಮಿನುಗಿಲ್ಲ; ಪ್ರತಿ ಸಲವೂ ರಾಯರ ಮುಖ ಸ್ವಲ್ಪ ಸಪ್ಪಗಾಗುತ್ತದೆ.

ಹಳೇ ಆಯಿಲ್ ಬಾಟಲಿಗೆ ತುಂಬಿ ಬೀದಿಯ ಅಷ್ಟೂ ಗೇಟಿನ ಕೀಲುಗಳಿಗೆ ಬಿಡುವುದು ಅವರ ಸಮಾಜಸೇವೆ. ನಮ್ಮ ಗೇಟೀಗ ಕಿರುಗುಟ್ಟುವುದಿಲ್ಲ. ಮೊನ್ನೆ ಮದುವೆಗೆ ಹೊರಟವನು ಬಿಳಿ ಪಂಚೆಯ ಮೇಲಿನ ಕರಿ ಗೀಟು ನೋಡಿಕೊಳ್ಳುತ್ತ ನಿಂತಿದ್ದೆ. ಕಾರಿನಡಿಯಿಂದ ದನಿ ಬಂತು:

"ಸೀಮೆಎಣ್ಣೆ ಹಚ್ಚಿ, ಹೋಗುತ್ತೆ. ಮೆತ್ತಗೆ ಉಜ್ಜಬೇಕು, ಮುಕ್ಕಾಲು ಸುತ್ತು!"