ದೊಡ್ಡಪ್ಪನ ಪಿಡಿಎಫ್

ನಮ್ಮ ಮನೆತನಕ್ಕೆ ಪೂರ್ವಜರ ಬಡತನ ಯಾವತ್ತೂ ಬಂದಿಲ್ಲ. ವಸಿಷ್ಠ, ಶಕ್ತಿ, ಪರಾಶರ ಎಂದು ಕಿವಿ ಹಿಡಿದು ಪ್ರವರ ಒಪ್ಪಿಸಿಬಿಟ್ಟರೆ ನೇರ ಋಷಿಗಳ ಮನೆ ಬಾಗಿಲಿಗೇ ಹೋಗಿ ನಿಲ್ಲುತ್ತೇವೆ. ಪರಾಶರರಿಂದ ನಮ್ಮ ಮುತ್ತಜ್ಜನವರೆಗೆ ನಡುವೆ ಯಾರ್‍ಯಾರಿದ್ದರು, ಅದಕ್ಕೆ ದಾಖಲೆ ಏನು ಎಂದು ಈವರೆಗೆ ಯಾವ ಪುರೋಹಿತರೂ ಕೇಳಿಲ್ಲ. ಭಾರತ ಸರ್ಕಾರ ಕೇಳುತ್ತದೆ. ಅದಕ್ಕೆ ಪರಾಶರರು ಬೇಡ, ನಮ್ಮ ದೊಡ್ಡಪ್ಪ ಸಾಕು. ಆದರೆ ದೊಡ್ಡಪ್ಪ ಪಿಡಿಎಫ್ ಆಗಿ ಬರಬೇಕು.

ದೊಡ್ಡಪ್ಪ ತೀರ್ಥಹಳ್ಳಿ ಕಡೆಯ ಅಡಿಕೆ ತೋಟ ಬಿಟ್ಟು ನ್ಯೂಜೆರ್ಸಿಗೆ ಬಂದದ್ದು 1968ರಲ್ಲಿ. 1965ರ ವಲಸೆ ಕಾಯ್ದೆ ನಮ್ಮಂಥವರಿಗೆ ಅಮೆರಿಕದ ಬಾಗಿಲು ತೆಗೆದ ಹೊಸತು. ಆಮೇಲೆ ಇಲ್ಲಿನ ಪೌರತ್ವ ತಗೊಂಡರು. ತಗೊಂಡ ಗಳಿಗೆಯಲ್ಲೇ, ಭಾರತದ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಅಲ್ಲಿನದು ಹೋಯಿತು. ಮಗ ಇಲ್ಲೇ ಹುಟ್ಟಿದ, ಮಗನ ಮಗನೂ ಇಲ್ಲೇ ಹುಟ್ಟಿದ. ಆ ಮೊಮ್ಮಗರಾಯನಿಗೆ ಈಗ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಕೆಲಸ ಸಿಕ್ಕಿದೆ. "ನಾನು ಅಲ್ಲಿಂದ ಇಲ್ಲಿಗೆ ಬರೋಕೆ ಪಟ್ಟ ಪಾಡು ಇವನಿಗೇನು ಗೊತ್ತು" ಎಂದು ದೊಡ್ಡಪ್ಪ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಹುಡುಗನಿಗೆ ಓಸಿಐ ಕಾರ್ಡು ಮಾಡಿಸುವ ಕೆಲಸ ನನ್ನ ತಲೆಗೆ ಕಟ್ಟಿದರು. ನಮ್ಮ ಬಳಗದಲ್ಲಿ ಫಾರಂ ತುಂಬುವವನು ನಾನೇ. ಬೇರೆ ಪ್ರತಿಭೆ ಇಲ್ಲದವರಿಗೆ ಇದು ತಾನಾಗಿ ಒಲಿದು ಬರುತ್ತದೆ.

2005ರ ತಿದ್ದುಪಡಿಯಿಂದ ಬಂದ ಈ ಓಸಿಐ ಹೆಸರಿಗೆ 'ಸಾಗರೋತ್ತರ ನಾಗರಿಕ', ಗುಣದಲ್ಲಿ ಆಜೀವ ವೀಸಾ. ಓಟಿಲ್ಲ, ಸರ್ಕಾರಿ ನೌಕರಿ ಇಲ್ಲ, ತೋಟ ಗದ್ದೆ ಕೊಳ್ಳುವಂತಿಲ್ಲ. ಮನೆಯ ಅಳಿಯನಿದ್ದ ಹಾಗೆ. ಯಾವಾಗ ಬೇಕಾದರೂ ಬರಬಹುದು, ಎಷ್ಟು ದಿನವಾದರೂ ಇರಬಹುದು, ಮನೆ ವ್ಯವಹಾರದಲ್ಲಿ ಬಾಯಿ ಹಾಕುವಂತಿಲ್ಲ.

ಸಂವಿಧಾನ ಜಾರಿಗೆ ಬಂದ 1950ರ ಜನವರಿ 26ರಂದೋ ಆಮೇಲೋ ಭಾರತದ ಪ್ರಜೆಯಾಗಿದ್ದವರ ಮಕ್ಕಳು, ಮೊಮ್ಮಕ್ಕಳಿಗೆ ಈ ಕಾರ್ಡು ಸಿಗುತ್ತದೆ. 2015ರಲ್ಲಿ ಮರಿಮಕ್ಕಳನ್ನೂ ಸೇರಿಸಿದರು. ಅಲ್ಲಿಗೆ ಮೂರು ತಲೆಮಾರು. ಶ್ರಾದ್ಧದಲ್ಲಿ ಪಿಂಡ ಇಡುವುದೂ ಅಪ್ಪ, ಅಜ್ಜ, ಮುತ್ತಜ್ಜ ಎಂದು ಮೂರೇ ತಲೆಮಾರಿಗೆ. ದೆಹಲಿಯ ಗೃಹ ಇಲಾಖೆಯಲ್ಲಿ ಯಾರೋ ವೈದಿಕರು ಕೂತಿದ್ದಾರೆಂದು ನನಗೆ ಬಲವಾದ ಗುಮಾನಿ. ವ್ಯತ್ಯಾಸ ಇಷ್ಟೆ. ಶ್ರಾದ್ಧದ ದಿನ ಅಜ್ಜನ ಹೆಸರು ಮರೆತರೂ ಭಟ್ಟರು ಹೇಗೋ ದಾಟಿಸಿಬಿಡುತ್ತಾರೆ.

ಅಜ್ಜನೋ ಮುತ್ತಜ್ಜನೋ ಪಾಕಿಸ್ತಾನ, ಬಾಂಗ್ಲಾದೇಶದ ಪ್ರಜೆಯಾಗಿದ್ದರೆ ಕಾರ್ಡಿಲ್ಲ. ಇದರಲ್ಲಿ ನಾವು ನಿಶ್ಚಿಂತರು. ನಮ್ಮ ಅಜ್ಜ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋದದ್ದನ್ನೇ ಸಾಯುವ ತನಕ ಹೇಳಿಕೊಂಡಿದ್ದವರು.

ತೊಡಕು ಹೆಸರಿನದು. ಊರಿನ ಶಾಲೆಯಲ್ಲಿ ದೊಡ್ಡಪ್ಪ ಎರಡು ಇನಿಷಿಯಲ್ಲಿನ ಕೃಷ್ಣಮೂರ್ತಿ. ಮೊದಲಕ್ಷರ ಊರಿನದು, ಎರಡನೆಯದು ಅವರಪ್ಪನದು. ಅಮೆರಿಕದ ಗುಮಾಸ್ತ ಒಂದೇ ಏಟಿಗೆ ಊರನ್ನೂ ಅಪ್ಪನನ್ನೂ ಹಾರಿಸಿ, ಉಳಿದ ಹೆಸರನ್ನು ನಡುವೆ ಸೀಳಿ, ಮುಂದೆ ಕೃಷ್ಣ ಹಿಂದೆ ಮೂರ್ತಿ ಮಾಡಿದ. ಮಗನ ಜನನ ಪತ್ರದಲ್ಲಿ ತಂದೆ 'ಕ್ರಿಸ್ ಮೂರ್ತಿ'. ಅರ್ಜಿ ತೆಗೆದುಕೊಳ್ಳುವ ಕಚೇರಿಯವರಿಗೆ ಈ ಮೂವರಲ್ಲಿ ಹುಡುಗನ ತಾತ ಯಾರೆಂದು ತಿಳಿಯಬೇಕಿತ್ತು. ಎಲ್ಲರೂ ಒಬ್ಬರೇ ಎಂದು ಅಫಿಡವಿಟ್ ಬರೆದು, ಬ್ಯಾಂಕಿನ ನೋಟರಿಯ ಎದುರು ಅದನ್ನು ಓದಿ ಹೇಳಿದೆ. ಸಾಕ್ಷಿಗೆಂದು ಬಂದಿದ್ದ ದೊಡ್ಡಮ್ಮ, "ಇವರು ಒಬ್ಬರೇನಾ ಅಂತ ನನಗೂ ಎಷ್ಟೋ ಸಲ ಅನುಮಾನ ಬಂದಿದೆ" ಎಂದರು. ಪುಣ್ಯಕ್ಕೆ ನೋಟರಿಗೆ ಕನ್ನಡ ಬರುತ್ತಿರಲಿಲ್ಲ.

ಹಳೆಯ ಭಾರತೀಯ ಪಾಸ್‌ಪೋರ್ಟು ಮನೆ ಬದಲಿಸುವಾಗ ಎಲ್ಲೋ ಕಳೆದಿತ್ತು. ಉಳಿದದ್ದು ಎಸ್ಸೆಸ್ಸೆಲ್ಸಿ ದಾಖಲೆ. ಅದು ಊರಿನಲ್ಲಿ ಅತ್ತೆಯ ಮನೆಯ ಅಟ್ಟದ ಟ್ರಂಕಿನಲ್ಲಿ ಸಿಕ್ಕಿತು. ಮಲೆನಾಡಿನ ಗೆದ್ದಲು ಒಂದು ಮೂಲೆ ರುಚಿ ನೋಡಿ, ಯಾಕೋ ಬಿಟ್ಟಿತ್ತು. ಅದರಲ್ಲಿ ದೊಡ್ಡಪ್ಪ ಹುಟ್ಟಿದ್ದು 1939ರ ಜೂನ್ 1. ಜೂನ್ ಒಂದು! ನಮ್ಮ ಕಡೆ ಒಂದು ಕಾಲದ ಅರ್ಧ ಊರು ಅದೇ ದಿನ ಹುಟ್ಟಿದೆ. ಮೇಷ್ಟ್ರು ಮಗುವನ್ನು ಶಾಲೆಗೆ ಸೇರಿಸಿಕೊಳ್ಳುವಾಗ ಲೆಕ್ಕಕ್ಕೆ ಅನುಕೂಲವಾದ ದಿನ ಅದು. ದೊಡ್ಡಪ್ಪನಿಗಿಂತ ಹಿರಿಯರಾದ ಅತ್ತೆ ವಿಡಿಯೋ ಕಾಲಿನಲ್ಲಿ ಕೂಡಲೇ ಆಕ್ಷೇಪ ಎತ್ತಿದರು. "ಜೂನಂತೆ! ಇವ ಹುಟ್ಟಿದಾಗ ತೋಟಕ್ಕೆ ಕೊಳೆ ಬಿದ್ದಿತ್ತು ಮಾರಾಯ, ಶ್ರಾವಣ ಅದು. ಮದ್ದು ಹೊಡಿಯೋದು ಬಿಟ್ಟು ಅಪ್ಪಯ್ಯ ಸೂಲಗಿತ್ತಿ ಕರೆಯೋಕೆ ಓಡಿದ್ರು." ಇಷ್ಟು ಖಚಿತ ಪುರಾವೆಯನ್ನು ಅಪ್‌ಲೋಡ್ ಮಾಡಲು ಫಾರಮಿನಲ್ಲಿ ಜಾಗ ಇರಲಿಲ್ಲ. ಐವತ್ತು ವರ್ಷಗಳಿಂದ ಜೂನ್ ಒಂದಕ್ಕೆ ಕೇಕು ಕತ್ತರಿಸುತ್ತಿರುವ ದೊಡ್ಡಪ್ಪ ಸುಮ್ಮನೆ ಕನ್ನಡಕ ಒರೆಸಿಕೊಂಡರು.

ಇನ್ನು ಊರು. ಅವರು ಹುಟ್ಟಿದ್ದು ಮಹಾರಾಜರ ಮೈಸೂರು ಸಂಸ್ಥಾನದಲ್ಲಿ, ವಿಮಾನ ಹತ್ತಿದ್ದು ಮೈಸೂರು ರಾಜ್ಯದಿಂದ. 1973ರ ನವೆಂಬರ್ 1ಕ್ಕೆ ಅದು ಕರ್ನಾಟಕವಾಯಿತು. 2014ರಲ್ಲಿ ಇಂಗ್ಲಿಷಿನ ಶಿಮೋಗ ಹೋಗಿ ಶಿವಮೊಗ್ಗ ಬಂತು. ದೊಡ್ಡಪ್ಪ ಹೆಸರು ಬದಲಿಸಿದರು ಎಂದು ಬೈಯುವ ಮೊದಲು ಸರ್ಕಾರ ತನ್ನದನ್ನೂ ನೋಡಿಕೊಳ್ಳಬೇಕಿತ್ತು.

ಅರ್ಜಿ ಶುಲ್ಕ 275 ಡಾಲರ್. ದೊಡ್ಡಮ್ಮ ಪೆನ್ನು ಹಿಡಿದು ಕೂತರು. ಹಂಪಿಯ ವಿಠ್ಠಲ ದೇವಸ್ಥಾನಕ್ಕೆ ಭಾರತೀಯರಿಗೆ ಟಿಕೆಟ್ಟು 40 ರೂಪಾಯಿ, ವಿದೇಶಿಯರಿಗೆ 600. ಈ ಕಾರ್ಡಿದ್ದವರಿಗೂ 40. "ನಲವತ್ತು ಚಿಲ್ಲರೆ ಸಲ ಹಂಪಿ ನೋಡಿದ್ರೆ ಅಸಲು ಗಿಟ್ಟತ್ತೆ" ಎಂದು ಮೊಮ್ಮಗನಿಗೆ ಕಾರ್ಯಕ್ರಮವನ್ನೂ ಹಾಕಿಕೊಟ್ಟರು.

ಅಂತೂ ಕಾರ್ಡು ಬಂತು. ಸುದ್ದಿ ಕೇಳಿದ ಅತ್ತೆಗೆ ಎಲ್ಲಿಲ್ಲದ ಸಂಭ್ರಮ. ಮಕ್ಕಳಿಲ್ಲದ ಅವರಿಗೆ ಅಜ್ಜನಿಂದ ಪಾಲಿಗೆ ಬಂದ ಒಂದೂವರೆ ಎಕರೆ ತೋಟವಿದೆ.

"ಹಂಗಾರೆ ತೋಟ ಅವನ ಹೆಸರಿಗೆ ಬರೆದುಬಿಡ್ತೀನಿ."

"ಆಗಲ್ಲ ಅತ್ತೆ. ಕೃಷಿ ಭೂಮಿ ಅವನು ಕೊಳ್ಳೋ ಹಾಗಿಲ್ಲ."

"ದುಡ್ಡು ಯಾರಿಗೆ ಬೇಕು? ದಾನವಾಗಿ ಕೊಡ್ತೀನಿ."

"ದಾನಾನೂ ಆಗಲ್ಲ. ವಾರಸುದಾರಿಕೇಲಿ ಬಂದ್ರೆ ಮಾತ್ರ..."

ನಾನು ಅಲ್ಲಿಗೇ ನಿಲ್ಲಿಸಬೇಕಿತ್ತೇನೋ. ಆದರೆ ತೊಂಬತ್ತು ದಾಟಿದ್ದರೂ ಅತ್ತೆಯ ಬುದ್ಧಿ ಚುರುಕು.

"ಅಂದ್ರೆ ನಾನು ಸಾಯ್ಬೇಕು ಅನ್ನು."

ಈ ಕಡೆ ದೊಡ್ಡಪ್ಪ, ದೊಡ್ಡಮ್ಮ, ಹುಡುಗ, ನಾನು, ಯಾರ ಬಾಯಲ್ಲೂ ಮಾತಿಲ್ಲ. ಅತ್ತೆ ಕವಳದ ತಟ್ಟೆ ಹತ್ತಿರ ಎಳೆದುಕೊಂಡು ಒಂದು ಹೋಳು ಅಡಿಕೆ ಬಾಯಿಗೆ ಹಾಕಿದರು.

"ಆ ಕಾರ್ಡು ಎಷ್ಟು ವರ್ಷಕ್ಕೆ ಅಂದೆ?"

"ಜೀವನಪೂರ್ತಿ, ಅತ್ತೆ."

"ಹಂಗಾರೆ ಕಾಯ್ಲಿ ಬಿಡು."