ಹೊಸ ಮುಖಪುಟದ ಸನ್ನಿಧಾನಕ್ಕೆ ಓದುಗನ ಅರಿಕೆ

ಮಲೆನಾಡಿನ ಮನೆಮನೆಯ ಫೋನಿನಲ್ಲಿ ನೆಲೆಸಿರುವ ಸುದ್ದಿತಾಣದ ಹೊಸ ಮುಖಪುಟದವರಿಗೆ,

ಮಾನ್ಯರೇ,

ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ತಾವು ಹೊಸ ಉಡುಪಿನಲ್ಲಿ ಕ್ಷೇಮವಾಗಿರುವುದನ್ನು ದಿನಾ ಬೆಳಿಗ್ಗೆ ಕಣ್ಣಾರೆ ಕಾಣುತ್ತಿದ್ದೇವೆ. ತಮ್ಮ ಹಳೆಯ ರೂಪಕ್ಕೆ ನಾವು ಋಣಿಗಳು. ದೊಡ್ಡ ಪತ್ರಿಕೆಗಳಲ್ಲಿ ನಾಲ್ಕು ಸಾಲು ಸಿಗದ ಊರುಗಳಿಗೆ ತಾವು ಜಾಗ ಕೊಟ್ಟಿರಿ. ಯಾವ ಘಾಟಿಯಲ್ಲಿ ಮರ ಬಿದ್ದಿದೆ, ಯಾವ ಫೀಡರಿನಲ್ಲಿ ಕರೆಂಟಿಲ್ಲ, ಯಾರು ತೀರಿಕೊಂಡರು, ಅಡಿಕೆ ಇವತ್ತು ಎಷ್ಟಕ್ಕೆ ಹೋಯಿತು ಎಂಬುದೆಲ್ಲ ನಮಗೆ ತಿಳಿದದ್ದು ತಮ್ಮಿಂದ. ಆ ಋಣ ಇರುವುದರಿಂದಲೇ ಈ ಅರಿಕೆ ಬರೆಯುವ ಧೈರ್ಯ ಬಂದಿದೆ.

ಹಳೆಯ ಪುಟದಲ್ಲಿ ಪ್ರತಿ ತಲೆಬರಹದ ಕೆಳಗೆ ತಾರೀಖು, ಗಂಟೆ ಇರುತ್ತಿತ್ತು. ತಾವು ಅದನ್ನು ತೆಗೆದು ಪುಟವನ್ನು ಹಗುರ ಮಾಡಿದ್ದೀರಿ. ನೋಟಕ್ಕೆ ಸೊಗಸಾಗಿದೆ, ಒಪ್ಪುತ್ತೇನೆ. ಆದರೆ ಮಹನೀಯರೇ, ಜುಲೈ ತಿಂಗಳಲ್ಲಿ ಇಡೀ ರಾತ್ರಿ ಮಳೆ ಹೊಯ್ದ ಮೇಲೆ ಬೆಳಿಗ್ಗೆ ಆರಕ್ಕೆ ಇಲ್ಲಿನ ತಾಯಂದಿರು ಫೋನು ಕೈಗೆತ್ತಿಕೊಳ್ಳುವುದು ಒಂದೇ ಸುದ್ದಿಗೆ: ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟಿದ್ದಾರೋ ಇಲ್ಲವೋ. ತಮ್ಮ ‘ನಿಮಗಾಗಿ’ ಎಂಬ ಸಾಲಿನಲ್ಲಿ ‘ಭಾರೀ ಮಳೆ, ಇಂದು ಶಾಲೆಗಳಿಗೆ ರಜೆ’ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ತೆರೆದು, ಜಾಹೀರಾತು ದಾಟಿ, ಕೊನೆಯ ಪ್ಯಾರಾದವರೆಗೆ ಇಳಿದರೆ ಅಲ್ಲಿ ತೆಳು ಬೂದು ಬಣ್ಣದಲ್ಲಿ ಹೋದ ವರ್ಷದ ತಾರೀಖು. ಅಷ್ಟು ಹೊತ್ತಿಗೆ ಆ ಸುದ್ದಿ ಊರಿನ ಎಲ್ಲ ವಾಟ್ಸಾಪ್ ಗುಂಪಿಗೂ ಹೋಗಿ ಆಗಿರುತ್ತದೆ. ಒಂದು ದಿನ ಪಾಠ ತಪ್ಪಿದರೆ ಹೇಗೋ ತುಂಬಿಕೊಳ್ಳಬಹುದು. ನನಗೆ ಭಯ ಇರುವುದು ಇನ್ನೊಂದಕ್ಕೆ. ಎರಡು ಸಲ ಮೋಸ ಹೋದವರು ಮೂರನೆಯ ಸಲ ನಿಜವಾಗಿ ರಜೆ ಇದ್ದಾಗ ನಂಬುವುದಿಲ್ಲ. ಮಕ್ಕಳು ಉಕ್ಕುವ ಹಳ್ಳದ ಮೇಲಿನ ಕಾಲುಸಂಕ ದಾಟಿಕೊಂಡು ಶಾಲೆಗೆ ಹೊರಡುತ್ತವೆ. ತಾರೀಖು ಅಂದ ಕೆಡಿಸುತ್ತದೆ ಎಂದು ತಮಗೆ ಹೇಳಿದವರು ಆ ಸಂಕವನ್ನು ನೋಡಿರಲಾರರು.

ಅಡಿಕೆ ಧಾರಣೆಯ ವಿಷಯಕ್ಕೆ ಬರುತ್ತೇನೆ. ಅಪ್ಪಣೆ ಇರಲಿ, ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ರಾಶಿ, ಬೆಟ್ಟೆ, ಸರಕು, ಗೊರಬಲು, ಚಾಲಿ, ಕೆಂಪುಗೋಟು ಎಂದು ಒಂದೊಂದು ಸಾಲು, ಎದುರಿಗೆ ಕ್ವಿಂಟಲಿಗೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು. ಹಳೆಯ ಪುಟದಲ್ಲಿ ಇದಿಷ್ಟೂ ಬರೀ ಅಕ್ಷರದಲ್ಲಿತ್ತು. ಸಿಗ್ನಲ್ ಒಂದು ಕಡ್ಡಿ ಇದ್ದರೂ ತೆರೆದುಕೊಳ್ಳುತ್ತಿತ್ತು. ತೋಟದ ಏರಿಯ ಮೇಲೆ ನಿಂತೇ ಓದಿ, ಈ ವಾರ ಮಂಡಿಗೆ ಹಾಕುವುದೋ ಇನ್ನೊಂದು ವಾರ ಕಾಯುವುದೋ ಎಂದು ಅಲ್ಲೇ ತೀರ್ಮಾನ ಆಗುತ್ತಿತ್ತು. ಈಗ ತಾವು ಅದೇ ಅಂಕಿಗಳನ್ನು ಅಡಿಕೆಗೊನೆಯ ಬಣ್ಣದ ಚಿತ್ರದ ಮೇಲೆ ಬರೆಸಿ ಕೊಡುತ್ತಿದ್ದೀರಿ. ಚಿತ್ರ ಚೆನ್ನಾಗಿದೆ. ಅದು ಪೂರ್ತಿ ಇಳಿಯುವುದರೊಳಗೆ ನಮ್ಮ ಸಿಗ್ನಲ್ ಹೋಗಿರುತ್ತದೆ. ಹೋದ ತಿಂಗಳ ದರ ಹುಡುಕೋಣವೆಂದರೆ ಚಿತ್ರದೊಳಗಿನ ಅಕ್ಷರ ಹುಡುಕಾಟಕ್ಕೆ ಸಿಗುವುದಿಲ್ಲ. ನಮ್ಮೂರಿನ ನಿವೃತ್ತ ಮೇಷ್ಟ್ರೊಬ್ಬರಿಗೆ ಕಣ್ಣು ಪೂರ್ತಿ ಹೋಗಿದೆ. ಅವರ ಫೋನು ಪುಟವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಯಾರ ಹಂಗೂ ಇಲ್ಲದೆ ಅವರು ಧಾರಣೆ ಕೇಳಿಕೊಳ್ಳುತ್ತಿದ್ದರು. ಈಗ ಫೋನು ‘ಚಿತ್ರ’ ಎಂದು ಹೇಳಿ ಮುಂದಕ್ಕೆ ಹೋಗುತ್ತದೆ. ಅವರು ಮೊಮ್ಮಗ ಶಾಲೆಯಿಂದ ಬರುವವರೆಗೆ ಕಾಯುತ್ತಾರೆ.

ಇನ್ನು ಡ್ಯಾಮಿನ ಲೆಕ್ಕ. ಲಿಂಗನಮಕ್ಕಿ ಡ್ಯಾಮಿನ ಗರಿಷ್ಠ ಮಟ್ಟ 1819 ಅಡಿ ಎಂಬುದು ಈ ಕಡೆಯ ಮಕ್ಕಳಿಗೂ ಬಾಯಿಪಾಠ. ಇವತ್ತಿನ ಮಟ್ಟ, ಹೋದ ವರ್ಷ ಇದೇ ದಿನದ ಮಟ್ಟ, ಒಳಹರಿವು, ಹೊರಹರಿವು, ಈ ನಾಲ್ಕನ್ನೇ ನಾವು ಕೇಳುತ್ತಿದ್ದದ್ದು. ತಾವು ಕೃಪೆ ಮಾಡಿ ಅದನ್ನೆಲ್ಲ ವೃತ್ತದೊಳಗಿನ ಶೇಕಡಾ ಲೆಕ್ಕವೊಂದಕ್ಕೆ ಇಳಿಸಿದ್ದೀರಿ. ಗೇರುಸೊಪ್ಪೆಯಿಂದ ಹೊನ್ನಾವರದವರೆಗೆ ಶರಾವತಿಯ ದಂಡೆಯಲ್ಲಿ ಮನೆ, ತೋಟ ಇರುವವರಿಗೆ ಶೇಕಡಾ ಎಷ್ಟು ತುಂಬಿದೆ ಎನ್ನುವುದಕ್ಕಿಂತ ಎಷ್ಟು ಕ್ಯೂಸೆಕ್ ಬಿಡುತ್ತಿದ್ದಾರೆ ಎನ್ನುವುದು ಮುಖ್ಯ.

ತಮ್ಮ ಅಕ್ಷರಗಳಿಗೂ ಒಂದು ನಮಸ್ಕಾರ. ತಲೆಬರಹದ ಚೌಕವನ್ನು ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದಂತಿದೆ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ತಮ್ಮಲ್ಲಿ ಅಲ್ಲಿಗೇ ಕತ್ತರಿ ಬಿದ್ದಿದೆ. ಶಿವಮೊಗ್ಗ ಶಿವಮೊಗ ಆಗಿದೆ, ಹೊನ್ನಾವರ ಹೊನಾವರ ಆಗಿದೆ. ಕಂಪ್ಯೂಟರು, ಫೋನುಗಳ ಅಕ್ಷರಸಂಕೇತವಾದ ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿದರೂ, ಒಬ್ಬರು ಬೆರಳಚ್ಚಿಸಿದ್ದನ್ನು ಇನ್ನೊಬ್ಬರು ತೊಂದರೆಯಿಲ್ಲದೆ ಓದುವ ಕಾಲ ಬರಲು ನಾವು ಎಷ್ಟೋ ವರ್ಷ ಕಾದಿದ್ದೇವೆ. ಹಾಗೆ ಕಾದು ಪಡೆದ ಅಕ್ಷರ ಈಗ ಅರ್ಧವಾಗಬಾರದು; ಸಾಲುಗಳ ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟರೆ ಒತ್ತುಗಳು ಉಳಿಯುತ್ತವೆ.

ಇನ್ನು ಹಳೆಯ ಸುದ್ದಿಗಳು. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನ ಸುತ್ತ ಮಂಗನ ಕಾಯಿಲೆ ಜೀವ ತೆಗೆಯುತ್ತಿದ್ದಾಗ ತಾವು ಬರೆದದ್ದು, ಅದೇ ವರ್ಷದ ಆಗಸ್ಟಿನ ನೆರೆಯಲ್ಲಿ ಊರೂರಿನ ಹೆಸರು ಹಿಡಿದು ಬರೆದದ್ದು, ಎಲ್ಲದರ ವಿಳಾಸವನ್ನು ಜನ ಜೋಪಾನ ಮಾಡಿಟ್ಟುಕೊಂಡಿದ್ದರು. ಪರಿಹಾರದ ಅರ್ಜಿಗೆ ಲಗತ್ತಿಸಿದವರಿದ್ದಾರೆ, ಕನ್ನಡ ವಿಕಿಪೀಡಿಯದಲ್ಲಿ ಆಧಾರವಾಗಿ ಕೊಟ್ಟವರಿದ್ದಾರೆ. ಈಗ ಅದರಲ್ಲಿ ಯಾವುದನ್ನು ಒತ್ತಿದರೂ ತಮ್ಮ ಮುಖಪುಟದ ದರ್ಶನವಾಗುತ್ತದೆ. ದರ್ಶನ ನಮ್ಮ ಭಾಗ್ಯ, ಆದರೆ ನಾವು ಬಂದದ್ದು ಆ ವರದಿಗಾಗಿ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆಗಿನಿಂದ ಹೊರಟ ಕಥೆಯಲ್ಲಿ ತಮ್ಮ ವರದಿಗಾರರು ಮಳೆ, ಉಣುಗು ಎನ್ನದೆ ತಿರುಗಿ ಬರೆದ ಅಧ್ಯಾಯವೂ ಇದೆ. ಹಳೆಯ ವಿಳಾಸಕ್ಕೆ ಬಂದವರನ್ನು ಅದೇ ಸುದ್ದಿಯ ಹೊಸ ವಿಳಾಸಕ್ಕೆ ಕಳಿಸಲು ವೆಬ್ಬಿನಲ್ಲಿ 301 ಎಂಬ ಸಂಕೇತದ ಏರ್ಪಾಡು ಬಹಳ ಹಿಂದಿನಿಂದ ಇದೆ. ತಮ್ಮ ತಂತ್ರಜ್ಞರು ಮನಸ್ಸು ಮಾಡಬೇಕು ಅಷ್ಟೇ.

ಕೇಳದೆಯೇ ಕೂಗಿಕೊಳ್ಳುವ ವಿಡಿಯೊಗಳನ್ನೂ, ಮುಚ್ಚುವ ಗುರುತು ಸಿಗದ ಜಾಹೀರಾತುಗಳನ್ನೂ ಸಹಿಸಿಕೊಳ್ಳುತ್ತೇವೆ. ತಮ್ಮ ಸಿಬ್ಬಂದಿಗೂ ಸಂಬಳ ಆಗಬೇಕು. ಆದರೆ ಇದನ್ನೆಲ್ಲ ಫೋನ್ ಮಾಡಿ ತಿಳಿಸೋಣವೆಂದರೆ ತಮ್ಮ ಕಚೇರಿಯ ನಂಬರು ಪುಟದ ತಳದಲ್ಲಿದೆ, ತಳ ತಲುಪುವಷ್ಟರಲ್ಲಿ ಇನ್ನಷ್ಟು ಸುದ್ದಿ ಬಂದು ಅದನ್ನು ಕೆಳಕ್ಕೆ ತಳ್ಳುತ್ತದೆ. ಹಾಗಾಗಿ ಈ ಬಹಿರಂಗ ಪತ್ರ.

ಧಾರಣೆಯನ್ನು ಅಕ್ಷರದಲ್ಲೇ ಕೊಡಿ, ಚಿತ್ರ ಬೇಕಿದ್ದರೆ ಪಕ್ಕದಲ್ಲಿರಲಿ. ಡ್ಯಾಮಿನ ನಾಲ್ಕು ಅಂಕಿ ವಾಪಸ್ ಬರಲಿ. ಹಳೆಯ ವರದಿಗಳ ದಾರಿ ತೆರೆಯಲಿ. ಇವಕ್ಕೆ ಸಮಯ ಹಿಡಿಯುತ್ತದೆಂದರೆ ಕಾಯುತ್ತೇವೆ. ತಾರೀಖನ್ನು ಮಾತ್ರ ನಾಳೆಯೇ ಹಾಕಿಸಿ; ಮಳೆ ಹಿಡಿದಿದೆ.

ಇಂತಿ ತಮ್ಮ ವಿಧೇಯ,
ನಿತ್ಯದ ಓದುಗ